ಅಪೊ ಲುಸಿಂಗ್ ಹಾಡಿಗೆ ಸೊಲ್ಲು

ಮಾತು ಕಳೆದುಕೊಂಡವರ ಬಾಯಲ್ಲಿ ಮತ್ತೆ ಮಾತು ಹುಟ್ಟಿಸುವುದು ವಸುಂಧರಾಳ ಕೆಲಸ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಅಲ್ಲೇ ಆರೇಳು ವರ್ಷ ದುಡಿದು, ಆಮೇಲೆ ಗಂಡ ರಘುನಾಥನ ಜೊತೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಬಂದವಳು. ಇಲ್ಲಿ ಒಂದು ಆಸ್ಪತ್ರೆಯಲ್ಲಿ, ಪಾರ್ಶ್ವವಾಯು ಬಡಿದವರ ವಾರ್ಡಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದಳು. ರಘುನಾಥ ಸ್ಟ್ರಕ್ಚರಲ್ ಎಂಜಿನಿಯರ್, ಭೂಕಂಪದಲ್ಲಿ ಬಿರುಕುಬಿಟ್ಟ ಊರನ್ನು ಮತ್ತೆ ಎಬ್ಬಿಸುತ್ತಿದ್ದವರಲ್ಲಿ ಒಬ್ಬ. "ನಿಂದೂ ರಿಪೇರಿ ಕೆಲ್ಸ, ನಂದೂ ರಿಪೇರಿ ಕೆಲ್ಸ. ನನ್ನ ಗೋಡೆಗಳು ಸಿಟ್ಟು ಮಾಡ್ಕೊಳಲ್ಲ, ಅಷ್ಟೇ ವ್ಯತ್ಯಾಸ," ಎಂದು ಅವನು ಆಗಾಗ ಹೇಳುವುದಿತ್ತು.

೨೦೧೫ರ ಜೂನ್ ತಿಂಗಳ ಕೊರೆಯುವ ಚಳಿಯಲ್ಲಿ ಅವಳ ವಾರ್ಡಿಗೆ ಅಪೊ ಲುಸಿಂಗ್ ಬಂದರು. ಎಪ್ಪತ್ತೆಂಟು ವರ್ಷದ ಪುಟ್ಟ ಆಕಾರದ ಮುದುಕಿ. ಬಲಗೈ ಸೋತಿತ್ತು, ಬಾಯಿ ಸ್ವಲ್ಪ ಓರೆಯಾಗಿತ್ತು, ಆದರೆ ಕಣ್ಣು ಮಾತ್ರ ಎದುರಿಗಿದ್ದವರನ್ನು ತೂಕ ಹಾಕುವಂತೆ ನೋಡುತ್ತಿತ್ತು. ಫೈಲಿನಲ್ಲಿ 'ಫಿಲಿಪೀನ್ಸ್ ದೇಶದವರು, ಭಾಷೆ ತಗಾಲೊಗ್' ಎಂದು ಬರೆದಿತ್ತು. ಹಾಗಾಗಿ ತಗಾಲೊಗ್ ಬಲ್ಲ ದುಭಾಷಿಯನ್ನು ಕರೆಸಿದರು. ಆಕೆ ಪಾಪ ಅರ್ಧ ಗಂಟೆ ಮಾತಾಡಿಸಿದಳು. ಮುದುಕಿ ಕಿಟಕಿಯ ಆಚೆ ಕಾರ್ ಪಾರ್ಕ್ ನೋಡುತ್ತ ಕೂತರು.

ಸಂಜೆ ಮಗಳು ಎಡ್ನಾ ಬಂದಳು. ಊರಂಚಿನ ಹಾರ್ನ್‌ಬಿ ಬಡಾವಣೆಯಲ್ಲಿ ಮನೆ, ವೃದ್ಧಾಶ್ರಮವೊಂದರಲ್ಲಿ ನರ್ಸ್, ನಲವತ್ತೈದರ ಆಸುಪಾಸಿನ ಹೆಂಗಸು. ತಾವು ಫಿಲಿಪೀನ್ಸಿನವರು ನಿಜ, ಆದರೆ ಕಲಂಗುಯಾ ಜನ ಎಂದು ಅವಳು ಬಿಡಿಸಿ ಹೇಳಿದಳು. ಉತ್ತರದ ಲುಜೋನ್ ದ್ವೀಪದ ಬೆಟ್ಟಸಾಲಿನ ಮೂಲನಿವಾಸಿಗಳು. ಅಮ್ಮನಿಗೆ ತಗಾಲೊಗ್ ಎಂದರೆ ರೇಡಿಯೋದ ಭಾಷೆ, ಇಲೊಕಾನೋ ಸಂತೆಯ ಭಾಷೆ, ಇಂಗ್ಲಿಷ್ ಶಾಲೆಯಲ್ಲಿ ನಾಲ್ಕು ದಿನ ಕಲಿತದ್ದು. ಮನೆಯ ಮಾತು ಕಲಂಗುಯಾ ಒಂದೇ. ಆಮೇಲೆ ಕಲಿತದ್ದೆಲ್ಲ ಲಕ್ವದಲ್ಲಿ ಕೊಚ್ಚಿಹೋಗಿ, ತಳದಲ್ಲಿ ಉಳಿದಿದ್ದರೆ ಅದೊಂದೇ ಉಳಿದಿರಬೇಕು. ಅಪೊ ಎಂದರೆ ಅಜ್ಜಿಯೂ ಹೌದು, ಅಜ್ಜನೂ ಹೌದು, ಎಲ್ಲರೂ ಹಾಗೇ ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ ಎಂದಳು.

ಎಡ್ನಾ ಇಷ್ಟು ಹೇಳುವಾಗ ವಸುಂಧರಾಳಿಗೆ ತನ್ನ ಓದಿನ ದಿನಗಳ ಒಬ್ಬ ರೋಗಿಯ ನೆನಪಾಯಿತು. ಎಚ್.ಡಿ. ಕೋಟೆ ಕಾಡಂಚಿನ ಹಾಡಿಯಿಂದ ಬಂದಿದ್ದ ಜೇನುಕುರುಬರ ಹಿರಿಯ. ಅವರ ಮುಂದೆ ವಿದ್ಯಾರ್ಥಿಗಳೆಲ್ಲ ಕನ್ನಡದ ಚಿತ್ರಪಟ ಹಿಡಿದು 'ಇದೇನು, ಇದೇನು' ಎಂದು ಆರು ವಾರ ಕೇಳಿದ್ದರು. ಅವರ ಮನೆಮಾತಿನಲ್ಲಿ ಒಂದು ಪದ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. 'ಸುಧಾರಣೆ ಇಲ್ಲ' ಎಂದು ಬರೆಸಿಕೊಂಡು ಅವರು ಬಸ್ಸು ಹತ್ತಿ ಹೋಗಿದ್ದರು. ಆ ಚೀಟಿ ಬರೆದ ಕೈ ವಸುಂಧರಾಳದೇ. ಈ ಸಲ ಹಾಗಾಗಬಾರದು ಎಂದುಕೊಂಡಳು.

ಮೊದಲು ಕಾರ್ಡುಗಳನ್ನು ಬದಲಾಯಿಸಿದಳು. ಆಸ್ಪತ್ರೆಯ ಕಾರ್ಡುಗಳಲ್ಲಿ ಟೋಸ್ಟರ್, ಲೆಟರ್‌ಬಾಕ್ಸ್, ಕುರಿಮಂದೆ, ಬೀಚಿನಲ್ಲಿ ಬಕೆಟ್ ಹಿಡಿದ ಮಗು ಇಂಥವಿದ್ದವು. ಅಪೊ ಒಂದೊಂದನ್ನೂ ಎಡಗೈಯಲ್ಲಿ ತೆಗೆದುಕೊಂಡು ಬೋರಲು ಹಾಕುತ್ತಿದ್ದರು. ಎಡ್ನಾಳ ಫೋಟೋ ಆಲ್ಬಮ್ಮಿನಿಂದ ಹೊಸ ಕಾರ್ಡು ತಯಾರಾದವು. ಬೆನ್ನಿಗೆ ಹೊರುವ ಬುಟ್ಟಿ, ಒರಳು ಒನಕೆ, ಜಾಗಟೆ, ಕೆಸುವಿನ ಗದ್ದೆ, ಕಪ್ಪು ಹಂದಿ, ಮಂಜು ಮುಚ್ಚಿದ ಪೈನ್ ಕಾಡು. ಪ್ರತಿ ಕಾರ್ಡಿನ ಹಿಂದೆ ಎಡ್ನಾ ಹೇಳಿದ ಪದವನ್ನು ವಸುಂಧರಾ ತನಗಾಗಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಎಡ್ನಾಳಿಗೂ ಎಷ್ಟೋ ಪದ ಮರೆತಿತ್ತು. ಮರೆತದ್ದನ್ನು ಅವಳು ಫೋನು ಹಚ್ಚಿ ಊರಿನ ಸೋದರಮಾವನನ್ನು ಕೇಳುತ್ತಿದ್ದಳು.

ಒಂದು ದಿನ ವಸುಂಧರಾ ಕಾರ್ಡಿನ ಬದಲು ಪದಾರ್ಥವನ್ನೇ ತಂದಳು. ಇಲ್ಲಿ ಕುಮರಾ ಎನ್ನುವ ಗೆಣಸು, ಕೆಂಪು, ಹಳದಿ, ಕಿತ್ತಳೆ ಮೂರೂ ಬಗೆ. ಅಪೊ ಕೆಂಪನ್ನು ಆರಿಸಿಕೊಂಡರು, ಮೂಸಿದರು, ಉಗುರಿನಿಂದ ಸಿಪ್ಪೆ ಗೀರಿ ನೋಡಿದರು. "ಒಬಿ," ಎಂದರು. ಹದಿನೆಂಟು ದಿನದಲ್ಲಿ ಅವರ ಬಾಯಿಂದ ಬಂದ ಮೊದಲ ಸ್ಪಷ್ಟ ಪದ. ಸ್ವಲ್ಪ ಹೊತ್ತು ಬಿಟ್ಟು, ಮುಖ ಕಿವುಚಿ, ಇನ್ನೊಂದು ಪದ ಸೇರಿಸಿದರು. ಎಡ್ನಾ ನಕ್ಕು ನಕ್ಕು ಹಾಸಿಗೆಯ ತುದಿಯಲ್ಲಿ ಕುಸಿದು ಕೂತಳು. ಗೆಣಸು ಸಪ್ಪೆಯಂತೆ, ತಿಂದು ನೋಡದೆಯೇ ತೀರ್ಪು ಕೊಟ್ಟಿದ್ದರು.

ಹಾಡಿನ ವಿಷಯ ಬಂದದ್ದು ಜುಲೈ ಕೊನೆಯಲ್ಲಿ. ಆ ಹೊತ್ತಿಗೆ ಅಪೊ ಮನೆಗೆ ಹೋಗಿದ್ದರು. ವಸುಂಧರಾ ವಾರಕ್ಕೆ ಎರಡು ಸಲ ಹಾರ್ನ್‌ಬಿಯ ಮನೆಗೇ ಹೋಗುತ್ತಿದ್ದಳು. ಮಾತು ಬಾರದವರಿಗೂ ಹಾಡು ಬರುವುದುಂಟು, ಮಿದುಳಿನಲ್ಲಿ ಅದರ ದಾರಿಯೇ ಬೇರೆ. ಅದನ್ನು ಪರೀಕ್ಷಿಸಲೆಂದು ಅವಳು ಒಂದು ಲಾಲಿಯ ಧಾಟಿಯನ್ನು ಮಾತಿಲ್ಲದೆ ಗುನುಗಿದಳು. ಅಪೊ ಕೇಳಿಸಿಕೊಂಡರು, ಕಣ್ಣು ಮುಚ್ಚಿದರು, ತಾವೇ ಶುರು ಮಾಡಿದರು. ಲಾಲಿಯಲ್ಲ, ಬೇರೇನೋ. ಮೂಗಿನಿಂದ ಹೊರಟು ಎದೆಗೆ ಇಳಿಯುವ ಉದ್ದನೆಯ ಒಂದು ಸಾಲು, ಒಂದಕ್ಷರವೂ ತೊದಲದೆ. ಅಲ್ಲಿಗೆ ನಿಂತಿತು. ಬಹಳ ಹೊತ್ತು ಸುಮ್ಮನಿದ್ದು ಇನ್ನೊಂದು ಸಾಲು. ಮತ್ತೆ ನಿಂತಿತು.

ಅಡುಗೆಮನೆಯಿಂದ ಎಡ್ನಾ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಅದು ಬಾಲಿವ್ ಎಂದಳು. ಮದುವೆಯಲ್ಲಿ, ಊರೊಟ್ಟಿನ ಔತಣದಲ್ಲಿ ಹಿರಿಯರು ಕೂತು ಹಾಡುವ ಹಾಡು. ತಮ್ಮ ಕಡೆಯ ಹಳ್ಳಿಗಳಲ್ಲಿ ಬಾಲಿವ್ ಎತ್ತಿಕೊಡಲು ಅಮ್ಮನನ್ನೇ ಕರೆಯಲು ಬರುತ್ತಿದ್ದರು, ಮಳೆಯಿದ್ದರೂ ಬೆಟ್ಟ ಹತ್ತಿ ಬರುತ್ತಿದ್ದರು. ತಾನು ಹನ್ನೆರಡನೆಯ ವಯಸ್ಸಿಗೇ ಓದಲೆಂದು ಪೇಟೆಗೆ ಇಳಿದವಳು, ಅಲ್ಲಿಂದೀಚೆಗೆ ಕೇಳಿದ್ದು ಇವತ್ತೇ. ನ್ಯೂಜಿಲೆಂಡಿಗೆ ಬಂದ ಮೇಲೆ ಅಮ್ಮ ಒಂದು ದಿನವೂ ಹಾಡಿರಲಿಲ್ಲ.

ಮುಂದಿನ ಭೇಟಿಯಲ್ಲಿ ವಸುಂಧರಾ ಎಡ್ನಾಳಿಂದ ಫಾರಂಗೆ ಸಹಿ ಹಾಕಿಸಿಕೊಂಡು ಹಾಡನ್ನು ಫೋನಿನಲ್ಲಿ ಹಿಡಿದುಕೊಂಡಳು. ಮನೆಗೆ ಬಂದು ಇಯರ್‌ಫೋನ್ ಹಾಕಿ, ಗಡಿಯಾರ ಇಟ್ಟುಕೊಂಡು ಕೇಳಿದಳು. ಸಾಲುಗಳು ಚೊಕ್ಕ. ಆದರೆ ಸಾಲು ಸಾಲಿನ ನಡುವೆ ಒಂಬತ್ತರಿಂದ ಹನ್ನೆರಡು ಸೆಕೆಂಡ್ ಮೌನ. 'ಹಾಡು ಉಳಿದಿದೆ, ಮುಂದಿನ ಸಾಲನ್ನು ಆರಂಭಿಸಲು ತೀವ್ರ ತೊಂದರೆ' ಎಂದು ವರದಿ ಬರೆದಳು. ಆ ಮೌನವನ್ನು ಮೂರು ಸೆಕೆಂಡಿಗೆ ಇಳಿಸುವುದು ಚಿಕಿತ್ಸೆಯ ಗುರಿಯಾಯಿತು. ಅಪೊ ನಿಲ್ಲಿಸಿದ ಕೂಡಲೇ ಅವರ ಎಡಗೈಯನ್ನು ಹಿಡಿದು ತಾಳ ತಟ್ಟುವಳು, ಮುಂದಿನ ಸಾಲಿನ ಮೊದಲ ಸ್ವರ ಎತ್ತಿಕೊಡುವಳು, ಹುಬ್ಬು ಹಾರಿಸಿ ಪ್ರೋತ್ಸಾಹ ಮಾಡುವಳು.

ಅಪೊ ಎರಡು ವಾರ ಸಹಿಸಿಕೊಂಡರು. ಮೂರನೆಯ ವಾರ ಕೈ ಕಿತ್ತುಕೊಂಡು, ತುಟಿ ಬಿಗಿದು, ಗೋಡೆಯ ಕಡೆ ತಿರುಗಿದರು. ಅಲ್ಲಿಂದ ಹಾಡೇ ಇಲ್ಲ. ಬರುತ್ತಿದ್ದ ಒಂದೆರಡು ಪದಗಳೂ ಕಡಿಮೆಯಾದವು. ಸೆಪ್ಟೆಂಬರ್ ಮೊದಲ ವಾರ ವಸುಂಧರಾ 'ಪ್ರಗತಿ ನಿಂತಿದೆ' ಎಂದು ಬರೆದಳು.

ಆ ತಿಂಗಳ ನಡುವೆ ಗಣೇಶನ ಹಬ್ಬ ಬಂತು. ಕನ್ನಡದವರೆಲ್ಲ ಸೇರಿ ಹಾರ್ನ್‌ಬಿಯಲ್ಲೇ ಒಂದು ಹಾಲ್ ಹಿಡಿದಿದ್ದರು. ಪೂಜೆಯ ನಂತರ ಭಜನೆ. ಎತ್ತಿಕೊಡುವವನು ಜಯಂತ, ಹಗಲು ಸಾಫ್ಟ್‌ವೇರು, ರಜೆಯಲ್ಲಿ ಸಂಗೀತ. ಮನೆಯ ಗ್ಯಾರೇಜನ್ನೇ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದವನು. ಅವನು ಕಣ್ಣು ಮುಚ್ಚಿ ತನ್ಮಯನಾಗಿ ಹಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಹಿಂಬಾಗಿಲಿನಿಂದ ಪುಳಿಯೋಗರೆಯ ಪಾತ್ರೆ ಒಳಗೆ ಬಂತು. ಜನ ಸದ್ದಿಲ್ಲದೆ ಎದ್ದು ಸಾಲು ನಿಂತರು. ಜಯಂತ ಒಂದು ಸಾಲು ಹೇಳಿ ನಿಲ್ಲಿಸಿದ. ಯಾರೂ ಹಿಂದೆ ಹೇಳಲಿಲ್ಲ. ಅವನು ಕಣ್ಣು ತೆರೆಯಲಿಲ್ಲ, ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ ಕಾದ.

ವಸುಂಧರಾ ತಟ್ಟೆ ಹಿಡಿದು ಸಾಲಿನಲ್ಲಿದ್ದಳು. ಕೆಲಸದ ಚಟದಿಂದ ಅವಳ ಮನಸ್ಸು ತಾನಾಗಿ ಎಣಿಸತೊಡಗಿತು. ಏಳು, ಎಂಟು, ಒಂಬತ್ತು. ಜಯಂತನ ಮುಖದಲ್ಲಿ ತಡವರಿಕೆ ಇರಲಿಲ್ಲ, ಹುಡುಕಾಟ ಇರಲಿಲ್ಲ. ಅವನು ಬರೀ ಬೇರೆಯವರಿಗೆ ಜಾಗ ಬಿಟ್ಟು ಕೂತಿದ್ದ. ಹತ್ತು, ಹನ್ನೊಂದು. ಅಂಥದೇ ಮುಖವನ್ನು ಅವಳು ಅಪೊ ಎದುರಿಗೇ ಕೂತು ವಾರಗಟ್ಟಲೆ ನೋಡಿದ್ದಳು.

ತಟ್ಟೆಯನ್ನು ರಘುನಾಥನ ಕೈಗೆ ತುರುಕಿ ಹೊರಗೆ ಓಡಿ ಎಡ್ನಾಗೆ ಫೋನ್ ಮಾಡಿದಳು. ಬಾಲಿವ್ ಒಬ್ಬರೇ ಹಾಡುವುದೋ, ಹಿಂದೆ ಹೇಳುವವರು ಇರುತ್ತಾರೋ ಎಂದು ಕೇಳಿದಳು. ಇರುತ್ತಿದ್ದರು, ಎಂದಳು ಎಡ್ನಾ ನಿಧಾನವಾಗಿ. ಅಮ್ಮ ಒಂದು ಸಾಲು ಎತ್ತಿಕೊಟ್ಟರೆ ಸುತ್ತ ಕೂತವರೆಲ್ಲ ಒಟ್ಟಾಗಿ ಉತ್ತರ ಹೇಳುತ್ತಿದ್ದರು. ತಾನು ಮಗು, ಅಷ್ಟು ಹೊತ್ತಿಗೆ ಯಾರದೋ ಮಡಿಲಲ್ಲಿ ನಿದ್ದೆಹೋಗಿರುತ್ತಿದ್ದವಳು. ಆ ಉತ್ತರ ಏನೆಂದು ತನಗೆ ಗೊತ್ತಿಲ್ಲ.

ರಘುನಾಥ ಎರಡು ತಟ್ಟೆ ಹಿಡಿದು ಹೊರಗೆ ಬಂದಾಗ ಅವಳು ಕಾರಿಗೆ ಒರಗಿ ನಿಂತಿದ್ದಳು.

"ಏನಾಯ್ತೇ? ಯಾಕೆ ಹೀಗಿದೀಯ?"

"ಅಪೊ ಹಿಂದೆ ಹೇಳೋರ ಸೊಲ್ಲಿಗೆ ಕಾಯ್ತಾ ಇದ್ರು ರೀ. ಕೊಡೋರು ಯಾರೂ ಇರ್ಲಿಲ್ಲ. ನಾನು ಅವರ ಮರ್ಯಾದೆನ ರೋಗ ಅಂತ ಬರೆದುಬಿಟ್ಟೆ," ಎಂದಳು.

ಅವನು ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ಬರೆದಿದ್ದನ್ನ ತಿದ್ದಬಹುದು. ಮೊದ್ಲು ತಿನ್ನು," ಎಂದು ತಟ್ಟೆ ಕೊಟ್ಟ.

ಮರುದಿನವೇ ಅವಳು ಎಡ್ನಾಳ ಮನೆಗೆ ಹೋದಳು. ಅಪೊ ಎದುರು ನೆಲದ ಮೇಲೆ ಕೂತು, ತಾನು ತಿಳಿಯದೆ ಆತುರಪಡಿಸಿದ್ದಕ್ಕೆ ಕ್ಷಮೆ ಕೇಳಿದಳು. ಎಡ್ನಾ ಅದನ್ನು ಕಲಂಗುಯಾದಲ್ಲಿ ಹೇಳಿದಳು. ಅಪೊ ಅವಳನ್ನು ದಿಟ್ಟಿಸಿ ನೋಡಿ, ಎಡಗೈ ಚಾಚಿ ಕೆನ್ನೆಗೆ ಮೂರು ಸಲ ತಟ್ಟಿದರು. ಸವರಿದ್ದಕ್ಕಿಂತ ಜೋರು, ಹೊಡೆದದ್ದಕ್ಕಿಂತ ಮೆತ್ತಗೆ. ವ್ಯವಹಾರ ಅಲ್ಲಿಗೆ ಚುಕ್ತಾ ಆದಂತಿತ್ತು.

ಈಗ ಸೊಲ್ಲು ಕೊಡುವವರು ಬೇಕಾಗಿತ್ತು. ನ್ಯೂಜಿಲೆಂಡಿನ ಈ ದಕ್ಷಿಣ ದ್ವೀಪದಲ್ಲಿ ಎಡ್ನಾಗೆ ಗೊತ್ತಿದ್ದ ಕಲಂಗುಯಾ ಮನೆಗಳು ಆರು. ಆರಕ್ಕೂ ಫೋನು ಹೋಯಿತು. ಹೆಚ್ಚಿನವರು ಅವಳ ಹಾಗೆಯೇ ಚಿಕ್ಕಂದಿನಲ್ಲೇ ಊರು ಬಿಟ್ಟವರು. ಆರನೆಯವನು ಬೆನ್ನಿ ಪಸಿಗೊನ್, ಆ್ಯಶ್‌ಬರ್ಟನ್ ಹತ್ತಿರದ ಒಂದು ಡೈರಿ ಫಾರ್ಮಿನಲ್ಲಿ ಹಾಲು ಕರೆಯುವ ಯಂತ್ರ ನೋಡಿಕೊಳ್ಳುವವನು, ಐವತ್ತೆರಡು ವರ್ಷ. ತನಗೆ ಅಷ್ಟೇನೂ ಬರುವುದಿಲ್ಲ, ಹಿಂದಿನ ಸಾಲಿನಲ್ಲಿ ಕೂತು ಅಪ್ಪನ ಜೊತೆ ಒದರಿದ್ದಷ್ಟೇ ನೆನಪು ಎಂದು ಸಂಕೋಚಪಟ್ಟ. ಆದರೂ ಭಾನುವಾರ ಬೆಳಗಿನ ಹಾಲು ಮುಗಿಸಿ ಬರುತ್ತೇನೆ ಎಂದ.

ಅವನ ಪಿಕಪ್ ಗಾಡಿ ಮನೆಮುಂದೆ ನಿಂತಾಗ ಹನ್ನೊಂದು ಗಂಟೆ. ಗಂಬೂಟನ್ನು ಹೊಸಿಲಾಚೆ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬಂದು, ಅಪೊ ಕಾಲ ಬಳಿ ನೆಲದ ಮೇಲೆ ಕೂತ. ಅಪೊ ಅವನನ್ನು ನೋಡಿದರು, ಕಣ್ಣು ಮುಚ್ಚಿ ಸಾಲು ಎತ್ತಿದರು, ನಿಲ್ಲಿಸಿದರು. ಬೆನ್ನಿ ತಲೆ ತಗ್ಗಿಸಿ, ಪಕ್ಕದವರಿಗೂ ಕೇಳಿಸಬಾರದೆಂಬಂತೆ, ತಗ್ಗುದನಿಯಲ್ಲಿ ಉತ್ತರ ಕೊಟ್ಟ.

ಅಪೊ ಕಣ್ಣು ತೆರೆದರು. ಅವನ ಉತ್ತರದ ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಅವರ ಎರಡನೆಯ ಸಾಲು ಅದರ ಮೇಲೆ ಬಂದು ಕೂತಿತು. ಮತ್ತೆ ಉತ್ತರ, ಮತ್ತೆ ಸಾಲು. ಬೆನ್ನಿಯ ದನಿ ಮೆಲ್ಲನೆ ಮೇಲೇರಿತು. ಮೂರನೆಯ ಸುತ್ತಿಗೆ ಎಡ್ನಾಳೂ ಗುನುಗತೊಡಗಿದಳು. ಗೊತ್ತಿಲ್ಲ ಎಂದಿದ್ದವಳಿಗೆ ಅರ್ಧ ಗೊತ್ತೇ ಇತ್ತು. ನಿದ್ದೆಗಣ್ಣಿನಲ್ಲಿ ಕಿವಿಗೆ ಬಿದ್ದದ್ದು ಅಲ್ಲೇ ಎಲ್ಲೋ ಉಳಿದುಕೊಂಡಿತ್ತು. ನಲವತ್ತು ನಿಮಿಷ ಹೀಗೆ ನಡೆಯಿತು. ವಸುಂಧರಾ ಗಡಿಯಾರ ನೋಡಿದ್ದು ಮುಗಿದ ಮೇಲೆಯೇ.

ಹಾಡು ನಿಂತ ಮೇಲೆ ಅಪೊ ನೀರು ಕುಡಿದರು. ಲೋಟ ಕೆಳಗಿಟ್ಟು, ಬೆನ್ನಿಯ ಕಡೆ ಬಾಗಿ, ಒಂದೊಂದೇ ಪದ ಆರಿಸಿಕೊಳ್ಳುತ್ತ, ಏನೋ ಕೇಳಿದರು. ಎಡ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಲಕ್ವ ಹೊಡೆದ ಮೇಲೆ ಅಮ್ಮ ಒಂದು ಪೂರ್ತಿ ಪ್ರಶ್ನೆ ಕೇಳಿದ್ದು ಇದೇ ಮೊದಲು ಎಂದು ಆಮೇಲೆ ವಸುಂಧರಾಗೆ ಹೇಳಿದಳು. ಕೇಳಿದ್ದು, "ನೀನು ಯಾರ ಮಗ?" ಎಂದು. ಬೆನ್ನಿ ಅಪ್ಪನ ಹೆಸರು ಹೇಳಿದ. ಅಪೊ ತಲೆಯಾಡಿಸಿ ಇನ್ನೆರಡು ಮಾತು ಸೇರಿಸಿದರು. ಬೆನ್ನಿ ಕಿವಿಯವರೆಗೂ ಕೆಂಪಾಗಿ ನಕ್ಕ. ಅವನ ಅಪ್ಪನೂ ಅಪಸ್ವರವೇ ಹಾಡುತ್ತಿದ್ದನಂತೆ.

ಊಟದ ಹೊತ್ತಿಗೆ ಬೆನ್ನಿಯ ಸಂಕೋಚ ಬಿಟ್ಟುಹೋಗಿತ್ತು. ಊರಿನಲ್ಲೂ ಈಗ ಮದುವೆಗೆ ದೊಡ್ಡ ಸ್ಪೀಕರ್ ತಂದು ಸಿನಿಮಾ ಹಾಡು ಹಾಕುತ್ತಾರೆ, ಬಾಲಿವ್ ಎತ್ತಿಕೊಡಬಲ್ಲವರು ಬೆರಳೆಣಿಕೆಯಷ್ಟು, ಅವರಲ್ಲಿ ಒಬ್ಬರು ಇಗೋ ಹಾರ್ನ್‌ಬಿಯಲ್ಲಿ ಕೂತಿದ್ದಾರೆ ಎಂದ. ಇದನ್ನು ಚೆನ್ನಾಗಿ ರೆಕಾರ್ಡ್ ಮಾಡಿಟ್ಟರೆ ಇಲ್ಲಿ ಬೆಳೆಯುವ ಮಕ್ಕಳಿಗೂ ಆಯಿತು, ಅಲ್ಲಿಯವರಿಗೂ ಆಯಿತು. ವಸುಂಧರಾ ಆಗಲೇ ಜಯಂತನ ಮೈಕು, ಗ್ಯಾರೇಜು ಎಲ್ಲ ಲೆಕ್ಕ ಹಾಕತೊಡಗಿದ್ದಳು. ಬೆನ್ನಿ ಕೈಯೆತ್ತಿ ತಡೆದ. ಹಾಡು ಅಪೊ ಒಬ್ಬರದಲ್ಲ, ಊರಿನ ಹಿರಿಯರನ್ನು ಕೇಳಬೇಕು, ಅವರು ಕೂತು ಮಾತಾಡಬೇಕು. ಹಾಗೆ ಕೂತು ಮಾತಾಡಿ ತೀರ್ಮಾನ ಮಾಡುವುದಕ್ಕೆ ಅವರಲ್ಲಿ ತೊಂಗ್‌ತೊಂಗನ್ ಎನ್ನುತ್ತಾರೆ. ತನ್ನ ಬಳಿ ಎಡ್ನಾ ಸಹಿ ಮಾಡಿದ ಫಾರಂ ಇದೆಯಲ್ಲ ಎಂದು ವಸುಂಧರಾ ಹೇಳಹೊರಟವಳು, ಅದು ಆಸ್ಪತ್ರೆಗೆ ಸಾಕಾಗುವ ಫಾರಂ ಎಂದು ಹೊಳೆದು ಸುಮ್ಮನಾದಳು.

ಮುಂದಿನ ಭಾನುವಾರ ಮಧ್ಯಾಹ್ನ ಎಡ್ನಾಳ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದರು. ಅಲ್ಲಿ ಇನ್ನೂ ಬೆಳಗು. ಬೆಟ್ಟದ ಹಳ್ಳಿಯ ಒಂದು ಶಾಲಾ ಕೊಠಡಿಯಲ್ಲಿ ಏಳು ಜನ ಹಿರಿಯರು ಜಾಕೆಟ್ ತೊಟ್ಟು ಕೂತಿದ್ದರು. ನಡುವೆ ಎಡ್ನಾಳ ಸೋದರಮಾವ, ಅಪೊ ತಾಯಬನ್. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಆಮೇಲೆ ಚರ್ಚೆ ಶುರುವಾಯಿತು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರಲಿಲ್ಲ, ಯಾರೂ ದನಿ ಏರಿಸಲಿಲ್ಲ, ಯಾರಿಗೂ ಅವಸರವಿರಲಿಲ್ಲ. ನಡುವೆ ಎರಡು ಸಲ ಇಂಟರ್ನೆಟ್ ಕಡಿದು ಹೋಯಿತು. ಮತ್ತೆ ಬಂದಾಗ ಅವರು ಅದೇ ಮಾತಿನಲ್ಲಿದ್ದರು. ರಘುನಾಥನೂ ಬಂದು ಕೂತಿದ್ದ. ತಮ್ಮ ಆಫೀಸಿನ ಮೀಟಿಂಗುಗಳಿಗೆ ಇವರನ್ನು ಕರೆಸಬೇಕು ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

ಒಂದು ಗಂಟೆಯ ಮೇಲೆ ಅಪೊ ತಾಯಬನ್ ತೀರ್ಮಾನ ಹೇಳಿದರು. ರೆಕಾರ್ಡ್ ಮಾಡಬಹುದು, ಮೊದಲ ಪ್ರತಿ ಊರಿನ ಶಾಲೆಗೆ ಬರಬೇಕು. ಹಿರಿಯರು ಹೇಳುವ ತನಕ ಇಂಟರ್ನೆಟ್ಟಿಗೆ ಹಾಕಬಾರದು. ಸುಮ್ಮನೆ ಕೋಣೆಯಲ್ಲಿ ಕೂರಿಸಿ ಹಾಡಿಸಬಾರದು, ಔತಣ ಮಾಡಿ, ಜನ ಸೇರಿಸಿ ಹಾಡಿಸಬೇಕು. ಇಷ್ಟು ಹೇಳಿ ವಸುಂಧರಾಳ ಕಡೆ ತಿರುಗಿ, ಇಂಗ್ಲಿಷಿನಲ್ಲೇ ಹೇಳಿದರು.

"ನೀನೂ ಉತ್ತರ ಹೇಳಬೇಕಮ್ಮ. ಬರೀ ಕೇಳಿಸಿಕೊಳ್ಳೋರು ನಮ್ಮಲ್ಲಿ ಇಲ್ಲ. ಔತಣಕ್ಕೆ ಬಂದವರೆಲ್ಲ ಹಾಡೋರೇ."

ಔತಣ ಎಂದರೆ ಹಂದಿ ಇರಲೇಬೇಕು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಮೊಟ್ಟೆಯನ್ನೂ ಮುಟ್ಟದ ವಸುಂಧರಾಳ ಮುಖ ನೋಡಿ ಎಡ್ನಾ ನಗು ತಡೆದುಕೊಂಡಳು. ಹಂದಿಯ ಉಸಾಬರಿ ತನಗಿರಲಿ ಎಂದ ಬೆನ್ನಿ. ಸಿಹಿ ನನ್ನದು ಎಂದಳು ವಸುಂಧರಾ. ಸಪ್ಪೆ ಎಂದು ಅಪೊ ತಿರಸ್ಕರಿಸಿದ್ದ ಕುಮರಾದಿಂದಲೇ ಗೆಣಸಿನ ಹೋಳಿಗೆ ಮಾಡುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು.

ಆರು ವಾರ ಅಭ್ಯಾಸ ನಡೆಯಿತು. ಕಲಂಗುಯಾದಲ್ಲಿ ಒಂದು ಸ್ವರವಿದೆ, ಅತ್ತ 'ಅ'ಕಾರವೂ ಅಲ್ಲ, ಇತ್ತ 'ಎ'ಕಾರವೂ ಅಲ್ಲ, ನಾಲಿಗೆಯನ್ನು ಬಾಯಿಯ ನಡುವೆ ತೇಲಲು ಬಿಟ್ಟು ಹೇಳಬೇಕು. ಅಂಥ ಸ್ವರಗಳಿಗೆ ನಾಲಿಗೆ ಎಲ್ಲಿರಬೇಕೆಂಬ ನಕ್ಷೆ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದವಳು ವಸುಂಧರಾ. ಬಾಯಲ್ಲಿ ಮಾತ್ರ ಬರಲೊಲ್ಲದು. ಮೇನ್ ಸೌತ್ ರಸ್ತೆಯ ಸಿಗ್ನಲ್ಲುಗಳಲ್ಲಿ ಕಾರು ನಿಂತಾಗೆಲ್ಲ ಅವಳು ಆ ಸ್ವರ ಹೇಳುತ್ತಿದ್ದಳು. ಪಕ್ಕದ ಕಾರಿನವರು ನೋಡಿದರೆ ಆಕಳಿಸಿದಂತೆ ನಟಿಸುತ್ತಿದ್ದಳು. ಯಾವ ನಕ್ಷೆಯೂ ಗೊತ್ತಿಲ್ಲದ ರಘುನಾಥ ಎರಡನೆಯ ದಿನವೇ ಸರಿಯಾಗಿ ಹೇಳಿ ಅಪೊ ಕೈಯಿಂದ ಬೆನ್ನು ತಟ್ಟಿಸಿಕೊಂಡ. ಆ ಸಂಜೆ ಅವಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನವೆಂಬರಿನ ಎರಡನೆಯ ಶನಿವಾರ, ಗಣೇಶನ ಹಬ್ಬ ನಡೆದಿದ್ದ ಹಾಲ್‌ನಲ್ಲೇ ಔತಣ. ಬಿಸಿ ವಾಯವ್ಯಗಾಳಿ ಬೀಸಿ ಹಾಲ್‌ನ ಬಾಗಿಲುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಆರು ಮನೆಯವರೂ ಬಂದರು, ಇನ್‌ವರ್‌ಕಾರ್ಗಿಲ್‌ನಿಂದ ಏಳು ಗಂಟೆ ಗಾಡಿ ಓಡಿಸಿಕೊಂಡೂ ಬಂದರು. ಹಿತ್ತಲಲ್ಲಿ ಹಂದಿ ಬೇಯುತ್ತಿತ್ತು. ಗಾಳಿ ತಿರುಗಿದಾಗೆಲ್ಲ ರಘುನಾಥ ತಾನೂ ತಿರುಗಿ ನಿಲ್ಲುತ್ತಿದ್ದ. ಗಂಡಸರು ಜಾಗಟೆ ಹಿಡಿದು ಕುಣಿತ ಶುರು ಮಾಡಿದರು. ಅಪೊ ಗಾಲಿಕುರ್ಚಿಯ ತೋಳಿನ ಮೇಲೆ ಎಡಗೈಯಿಂದ ಕುಟ್ಟುತ್ತ, ಒಂದೇ ಪದದಲ್ಲಿ ಅವರನ್ನು ನಿಲ್ಲಿಸಿದರು. ಓಡಬೇಡಿ ಎಂದರ್ಥವಂತೆ. ಮತ್ತೆ ಶುರುವಾಯಿತು, ಮತ್ತೆ ನಿಲ್ಲಿಸಿದರು. ಮೂರನೆಯ ಸಲಕ್ಕೆ ಪಾಸಾಯಿತು.

ಊಟವಾದ ಮೇಲೆ ಎಲ್ಲರೂ ಅಪೊ ಸುತ್ತ ಕೂತರು. ಜಯಂತ ಎರಡು ಮೈಕು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಮೂಲೆಯಲ್ಲಿ ಕೂತ. ಬೆನ್ನಿ ಎದ್ದು ಅಪೊ ಹೆಸರು, ಊರಿನ ಹೆಸರು ಹೇಳಿದ. ಅಪೊ ಎತ್ತಿಕೊಟ್ಟರು. ಮೂವತ್ತು ಗಂಟಲು ಒಟ್ಟಿಗೆ ಉತ್ತರ ಕೊಟ್ಟಾಗ ಹಾಲ್‌ನ ತಗಡಿನ ಸೂರು ಸಣ್ಣಗೆ ಝೇಂಕರಿಸಿತು. ಅಪೊ ಮುಖದಲ್ಲಿ ವಸುಂಧರಾ ಆವರೆಗೆ ಕಾಣದ ಒಂದು ಗತ್ತು ಮೂಡಿತು. ಬೆಟ್ಟದ ದಾರಿಯಲ್ಲಿ ಮಳೆಗೆ ತೊಯ್ದು ಜನ ಕರೆಯಲು ಬರುತ್ತಿದ್ದ ಹೆಂಗಸು ಇವರೇ ಎಂದು ಆಗ ಅವಳಿಗೆ ನಂಬಿಕೆ ಬಂತು.

ಬಾಲಿವ್‌ನಲ್ಲಿ ಎತ್ತಿಕೊಡುವವರು ಆ ಹೊತ್ತಿನ ಮಾತನ್ನು ಹೊಸದಾಗಿ ಕಟ್ಟಿ ಸೇರಿಸುವುದುಂಟು. ಅರ್ಧ ದಾರಿಯಲ್ಲಿ ಅಪೊ ದನಿ ಬದಲಿಸಿದರು. ಪದಗಳು ತಡೆದು ತಡೆದು ಬಂದವು, ಆದರೆ ಬಂದವು. ಜನ ನಗತೊಡಗಿದರು. ದೂರದಿಂದ ಒಬ್ಬಳು ಬಂದಳು, ಸಪ್ಪೆ ಗೆಣಸಿಗೆ ಬೆಲ್ಲ ತುಂಬಿ ತಟ್ಟಿದಳು, ಹಂದಿಯನ್ನು ಕಂಡರೆ ಹೆದರುತ್ತಾಳೆ ಎಂದು ಎಡ್ನಾ ಪಿಸುಗುಟ್ಟಿ ಅರ್ಥ ಹೇಳಿದಳು. ಅದನ್ನು ಕೇಳುತ್ತಿದ್ದ ವಸುಂಧರಾ ಸೊಲ್ಲಿನ ಹದ ತಪ್ಪಿದಳು. ಎಲ್ಲರೂ ಉತ್ತರ ಮುಗಿಸಿ ಸುಮ್ಮನಾದ ಮೇಲೆ ಅವಳೊಬ್ಬಳ ದನಿ, ಅದೇ ಕಷ್ಟದ ಸ್ವರದ ಮೇಲೆ, ಹಾಲ್ ತುಂಬ ಕೇಳಿಸಿತು. ಅಪೊ ಎದೆ ಕುಲುಕುವಂತೆ ನಕ್ಕರು. ಆ ನಗು ನಿಲ್ಲುವ ತನಕ ಇಡೀ ಬಾಲಿವ್ ಕಾಯಬೇಕಾಯಿತು.

ಆ ತಪ್ಪನ್ನು ಕತ್ತರಿಸಿ ತೆಗೆಯಲೇ ಎಂದು ಜಯಂತ ಮರುವಾರ ಕೇಳಿದ. ಕತ್ತರಿಸಿಬಿಡಪ್ಪಾ ಎಂದು ವಸುಂಧರಾ ಬೇಡಿಕೊಂಡಳು. ಆದರೆ ಪೂರ್ತಿ ಪ್ರತಿ ಅಷ್ಟರಲ್ಲೇ ಊರಿಗೆ ಹೋಗಿತ್ತು. ಶಾಲೆಯಲ್ಲಿ ಕೂತು ಕೇಳಿದ ಹಿರಿಯರು, ಅದು ಹಾಗೇ ಇರಲಿ, ಔತಣದಲ್ಲಿ ನಿಜವಾಗಿ ಜನ ಇದ್ದರು ಎಂದು ಮಕ್ಕಳಿಗೆ ಗೊತ್ತಾಗಬೇಕು ಎಂದು ಹೇಳಿ ಕಳಿಸಿದರು. ಆ ಶಾಲೆಯ ಮಕ್ಕಳು ಬಾಲಿವ್ ಕಲಿಯುವಾಗ ಆ ಜಾಗ ಬಂದರೆ ಬೇಕೆಂದೇ ತಡವಾಗಿ ಹೇಳುತ್ತಾರೆ ಎಂಬ ಸುದ್ದಿಯೂ ಬಂತು.

ವಸುಂಧರಾ ಆಸ್ಪತ್ರೆಯ ಫೈಲಿನಲ್ಲಿ ತನ್ನ ಎರಡೂ ವರದಿಗಳ ಕೆಳಗೆ ತಿದ್ದುಪಡಿ ಬರೆದಳು, ತಪ್ಪು ಥೆರಪಿಸ್ಟರದು, ರೋಗಿಯದಲ್ಲ ಎಂದು ಬಿಡಿಸಿ ಬರೆದಳು. ಆಮೇಲೆ ವಾರ್ಡಿಗೆ ಯಾವ ಹೊಸ ಹೆಸರು ಬಂದರೂ, ಮನೆಯಲ್ಲಿ ಯಾವ ಮಾತು ಎಂದು ಮೊದಲು ಕೇಳುವುದು ಅಲ್ಲಿನ ಎಲ್ಲರಿಗೂ ರೂಢಿಯಾಯಿತು.

ಮುಂದಿನ ಮಾರ್ಚಿನಲ್ಲಿ ಆ್ಯಶ್‌ಬರ್ಟನ್‌ನಲ್ಲಿ ಬೆನ್ನಿಯ ಮಗಳ ಮದುವೆಯಾಯಿತು. ಹುಡುಗ ಅಲ್ಲೇ ಹುಟ್ಟಿ ಬೆಳೆದ ನ್ಯೂಜಿಲೆಂಡ್ ರೈತರ ಮಗ. ಅಪೊ ಲುಸಿಂಗ್ ಆ ಹೊತ್ತಿಗೆ ಗಾಲಿಕುರ್ಚಿ ಬಿಟ್ಟು ಕೋಲು ಹಿಡಿದಿದ್ದರು, ಸಣ್ಣಪುಟ್ಟ ವಾಕ್ಯ ಆಡುತ್ತಿದ್ದರು, ಹೆಚ್ಚಿನವು ಬೈಗುಳ ಎಂದು ಎಡ್ನಾ ಹೇಳುತ್ತಿದ್ದಳು. ಊಟವಾದ ಮೇಲೆ ಎಲ್ಲರೂ ಅಪೊ ಕಡೆ ನೋಡಿದರು. ಅಪೊ ಕೋಲಿನ ತುದಿಯಿಂದ ಮಗಳ ಮೊಣಕಾಲಿಗೆ ತಿವಿದರು.

"ನನ್ನ ಕೈಲಿ ಆಗಲ್ಲಮ್ಮ," ಎಂದಳು ಎಡ್ನಾ.

ಕೋಲು ಇನ್ನೊಮ್ಮೆ ತಿವಿಯಿತು. ಎಡ್ನಾ ಗಂಟಲು ಸರಿಪಡಿಸಿಕೊಂಡು ಎತ್ತಿಕೊಟ್ಟಳು. ಶ್ರುತಿ ಒಂದಿಷ್ಟು ಮೇಲೆ ಹೋಯಿತು. ಅವಳು ಸಾಲು ಮುಗಿಸಿ ನಿಲ್ಲಿಸಿದಾಗ ಎಲ್ಲರಿಗಿಂತ ಮೊದಲು ಸೊಲ್ಲು ಹಿಡಿದದ್ದು ಅವಳಮ್ಮ. ಮದುಮಗನ ಅಪ್ಪನೂ ಬಿಯರ್ ಕೆಳಗಿಟ್ಟು ತನಗೆ ತೋಚಿದ ರಾಗದಲ್ಲಿ ಸೇರಿಕೊಂಡ. ವಸುಂಧರಾ ಈ ಸಲ ಹದ ತಪ್ಪಲಿಲ್ಲ. ಎಡ್ನಾ ನಾಲ್ಕನೆಯ ಸಾಲಿಗೆ ಬಂದು ಪದ ಮರೆತು ಸುತ್ತ ನೋಡಿದಳು. ಬೆನ್ನಿ ಒಂದು ಪದ ಹೇಳಿದ, ಇನ್‌ವರ್‌ಕಾರ್ಗಿಲ್‌ನವರು ಅದಲ್ಲ ಇದು ಎಂದು ಇನ್ನೊಂದು ಹೇಳಿದರು. ಯಾವುದು ಸರಿ ಎಂದು ಅಲ್ಲೇ ದೊಡ್ಡ ಚರ್ಚೆ ಹತ್ತಿಕೊಂಡಿತು. ಅಪೊ ಲುಸಿಂಗ್ ಆ ಗಲಾಟೆಯನ್ನು ಒಂದು ಕ್ಷಣ ಆಲಿಸಿ, ಇನ್ನು ಅವರೇ ನೋಡಿಕೊಳ್ಳಲಿ ಎಂಬಂತೆ ಕೋಲನ್ನು ಕುರ್ಚಿಗೆ ಒರಗಿಸಿ, ತಟ್ಟೆಯಲ್ಲಿ ಉಳಿದಿದ್ದ ಕೇಕನ್ನು ನಿಧಾನವಾಗಿ ತಿನ್ನತೊಡಗಿದರು.